ಜಾಲತಾಣದ ಕೀಲಿಕೈ ಯಾರ ಬಳಿ ಇರಬೇಕು?

ನಮ್ಮ ಸದಸ್ಯರಲ್ಲಿ ಜಾಲತಾಣ ನಿರ್ಮಿಸಿಕೊಡುವವರೂ ಇದ್ದಾರೆ, ನಿರ್ಮಿಸಿಕೊಂಡವರೂ ಇದ್ದಾರೆ. ಇವರಿಬ್ಬರ ನಡುವೆ ಪದೇ ಪದೇ ಏಳುವ ಪ್ರಶ್ನೆಯೊಂದಿದೆ. ಹೋಸ್ಟಿಂಗ್ ಖಾತೆಯ ಪ್ರವೇಶಾಧಿಕಾರವನ್ನು ಗ್ರಾಹಕರಿಗೆ ಎಷ್ಟರ ಮಟ್ಟಿಗೆ ನೀಡಬೇಕು? ಎಲ್ಲವನ್ನೂ ಕೊಟ್ಟರೆ ಗ್ರಾಹಕರ ಸಿಬ್ಬಂದಿ ಯಾವುದೋ ಕಡತವನ್ನು ಅಳಿಸಿ, ಹೊಣೆಯನ್ನು ತಮ್ಮ ತಲೆಗೆ ಕಟ್ಟುವರೆಂಬ ಭಯ ಸೇವಾದಾರರದು. ಏನನ್ನೂ ಕೊಡದಿದ್ದರೆ ತಮ್ಮ ವ್ಯಾಪಾರದ ಜುಟ್ಟು ಅನ್ಯರ ಕೈಯಲ್ಲಿ ಸಿಕ್ಕಿಕೊಂಡಿತೆಂಬ ಆತಂಕ ಗ್ರಾಹಕರದು. ಎರಡೂ ನಿರಾಧಾರವಲ್ಲ. ನನ್ನ ಅಭಿಪ್ರಾಯ ಇಷ್ಟೇ: ಒಡೆತನವನ್ನು ಪೂರ್ಣವಾಗಿ ಗ್ರಾಹಕರಿಗೆ ಕೊಡಬೇಕು, ಬಳಕೆಯ ಅಧಿಕಾರವನ್ನು ಕೆಲಸಕ್ಕೆ ತಕ್ಕಂತೆ ಹಂಚಬೇಕು.

ಮೊದಲು ಒಡೆತನದ ವಿಚಾರ. ಡೊಮೇನ್ ಹೆಸರು ಕೇವಲ ವಿಳಾಸವಲ್ಲ, ಅದು ವ್ಯಾಪಾರವನ್ನು ಗುರುತಿಸುವ ಹೆಸರೂ ಹೌದು, ಅದಕ್ಕೆ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆ ದೊರೆಯಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಇಂಥ ಆಸ್ತಿಯನ್ನು ಅನುಕೂಲದ ನೆಪದಲ್ಲಿ ಸೇವಾದಾರರು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಪರಿಪಾಠ ಸರಿಯಲ್ಲ. ನೋಂದಣಿ ಸಂಸ್ಥೆಯು ವ್ಯವಹರಿಸುವುದು ದಾಖಲೆಯಲ್ಲಿರುವ ಹೆಸರಿನವರೊಡನೆ ಮಾತ್ರ. ನವೀಕರಣದ ಸೂಚನೆ ಹೋಗುವುದೂ ಅವರ ಇ-ಮೇಲ್‌ಗೇ; ಬೇರೆ ಸಂಸ್ಥೆಗೆ ವರ್ಗಾಯಿಸಲು ಬೇಕಾದ ಸಂಕೇತಾಕ್ಷರ ಸಿಗುವುದೂ ಅವರ ಖಾತೆಯಲ್ಲೇ. ಅವಧಿ ಮುಗಿದು ಹೆಸರು ರದ್ದಾದರೆ ಜಾಲತಾಣದೊಂದಿಗೆ ಆ ಹೆಸರಿನ ಇ-ಮೇಲ್ ಕೂಡ ನಿಲ್ಲುತ್ತದೆ. ಆದ್ದರಿಂದ ನೋಂದಣಿಯು ಗ್ರಾಹಕ ಸಂಸ್ಥೆಯ ಹೆಸರು, ಅದರದೇ ದೂರವಾಣಿ ಮತ್ತು ಬೇರೊಂದು ಡೊಮೇನ್‌ನ ಇ-ಮೇಲ್ ವಿಳಾಸದಲ್ಲಿರಬೇಕು.

ಇನ್ನು ಬಳಕೆಯ ಅಧಿಕಾರ. ಒಂದೇ ಸರ್ವರ್‌ನಲ್ಲಿ ಹಲವು ಗ್ರಾಹಕರ ತಾಣಗಳಿರುವಾಗ ಅದರ ರೂಟ್ ಅಧಿಕಾರವನ್ನು ಯಾವ ಗ್ರಾಹಕರಿಗೂ ನೀಡಲಾಗದು. ನೀಡಿದರೆ ಉಳಿದವರ ದತ್ತಾಂಶವೂ ಅವರ ಕೈಗೆ ಸಿಗುತ್ತದೆ. ಇದು ವಾಣಿಜ್ಯ ಸಂಕೀರ್ಣದ ವ್ಯವಸ್ಥೆಯಂತೆ: ತನ್ನ ಮಳಿಗೆಯ ಬೀಗದ ಕೈ ಬಾಡಿಗೆದಾರನದು, ಇಡೀ ಕಟ್ಟಡದ ವಿದ್ಯುತ್ ಫಲಕದ ಕೈ ಮಾಲೀಕನದು. ಆದರೆ ಗ್ರಾಹಕರ ಸ್ವಂತ ಖಾತೆಗೆ ಮಾತ್ರ ಸೀಮಿತವಾದ ಸಿಪ್ಯಾನೆಲ್‌ನಂಥ ನಿಯಂತ್ರಣ ಫಲಕವನ್ನು ನಿರಾಕರಿಸಲು ಕಾರಣವಿಲ್ಲ. ಅದನ್ನು ಗ್ರಾಹಕ ಸಂಸ್ಥೆಯ ಒಬ್ಬ ಜವಾಬ್ದಾರಿಯುತ ವ್ಯಕ್ತಿಗೆ ವಹಿಸಿ, ದಿನನಿತ್ಯ ದರಪಟ್ಟಿ ಬದಲಿಸುವ ಸಿಬ್ಬಂದಿಗೆ ವರ್ಡ್‌ಪ್ರೆಸ್‌ನ ಎಡಿಟರ್ ಮಟ್ಟದ ಪ್ರವೇಶ ಕೊಟ್ಟರೆ ಸಾಕು. ಒಂದೇ ಪಾಸ್‌ವರ್ಡನ್ನು ನಾಲ್ವರು ಬಳಸಕೂಡದು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾರು, ಯಾವಾಗ, ಏನನ್ನು ಬದಲಿಸಿದರೆಂಬ ದಾಖಲೆ ಜಾಲತಾಣಕ್ಕೂ ಇದ್ದರೆ ಸೇವಾದಾರರ ಭಯ ಅರ್ಧ ಕಳೆದಂತೆ.

ಪ್ರವೇಶಾಧಿಕಾರವನ್ನು ತಡೆಹಿಡಿಯಲು ಕೆಲವರು ಹೇಳದೇ ಉಳಿಸಿಕೊಳ್ಳುವ ಇನ್ನೊಂದು ಕಾರಣವಿದೆ: ಅದೇ ಬಾಕಿ ವಸೂಲಿ. ದುಡಿಮೆಯ ಹಣ ಬಾರದಿದ್ದಾಗಿನ ಸಂಕಟ ನಿಜವಾದುದೇ. ಅದಕ್ಕೆ ಕಾನೂನಿನ ದಾರಿ ಉಂಟು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕಿರು ಅಥವಾ ಸಣ್ಣ ಉದ್ಯಮದಿಂದ ಸೇವೆ ಪಡೆದವರು ಒಪ್ಪಂದದಲ್ಲಿ ಏನೇ ಇದ್ದರೂ 45 ದಿನಗಳ ಮಿತಿಯೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಸೇವಾದಾರರು ಕೆಲಸ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಲೇಸು. ಹಣ ಬಾರದಿದ್ದರೆ ನೋಟಿಸು ನೀಡಿ ಸೇವೆ ನಿಲ್ಲಿಸಲಿ. ಆದರೆ ಗ್ರಾಹಕರ ಹೆಸರನ್ನು ಒತ್ತೆಯಿಟ್ಟುಕೊಳ್ಳುವುದು ವ್ಯಾಪಾರಧರ್ಮವಲ್ಲ.

ಹೊಣೆಗಾರಿಕೆಯ ದೃಷ್ಟಿಯಿಂದಲೂ ಇದು ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ವಯ, ಖರೀದಿದಾರರ ಹೆಸರು, ದೂರವಾಣಿ ಸಂಖ್ಯೆಗಳನ್ನು ತನ್ನ ಉದ್ದೇಶಕ್ಕಾಗಿ ಸಂಗ್ರಹಿಸುವ ಸಂಸ್ಥೆಯೇ ಅವುಗಳ ರಕ್ಷಣೆಗೆ ಉತ್ತರದಾಯಿ. ಕೆಲಸವನ್ನು ಬೇರೆಯವರಿಗೆ ವಹಿಸಿದ್ದೇವೆಂಬ ಕಾರಣ ನಡೆಯದು. ವಹಿಸುವುದಕ್ಕೂ ಕರಾರು ಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಉತ್ತರ ಹೇಳಬೇಕಾದವರಿಗೆ ತಮ್ಮದೇ ದಾಖಲೆಯನ್ನು ನೋಡುವ ಅಧಿಕಾರವಿಲ್ಲವೆಂದರೆ ಹೇಗೆ?

ಇದಕ್ಕೆಲ್ಲ ಒಂದು ಪುಟದ ಕರಾರು ಸಾಕು. ಡೊಮೇನ್ ಯಾರ ಹೆಸರಿನಲ್ಲಿದೆ, ಯಾರಿಗೆ ಯಾವ ಮಟ್ಟದ ಪ್ರವೇಶವಿದೆ, ಗ್ರಾಹಕರೇ ಮಾಡಿದ ಬದಲಾವಣೆಯಿಂದ ಹಾನಿಯಾದರೆ ದುರಸ್ತಿಯ ಶುಲ್ಕವೆಷ್ಟು, ಬ್ಯಾಕಪ್ ಪ್ರತಿಯನ್ನು ಗ್ರಾಹಕರಿಗೆ ಎಷ್ಟು ದಿನಕ್ಕೊಮ್ಮೆ ತಲುಪಿಸಬೇಕು, ಸಂಬಂಧ ಮುಗಿದಾಗ ಎಷ್ಟು ದಿನಗಳಲ್ಲಿ ಎಲ್ಲವನ್ನೂ ಒಪ್ಪಿಸಬೇಕು ಎಂಬ ಐದು ಅಂಶಗಳು ಅದರಲ್ಲಿರಲಿ. ಇಂಥದೊಂದು ಮಾದರಿ ಕರಾರನ್ನು ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯೇ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು ಸೂಕ್ತ. ಅಲ್ಲಿಯವರೆಗೆ, ತಮ್ಮ ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ಈ ತಿಂಗಳೇ ವಿಚಾರಿಸಿ ತಿಳಿದುಕೊಳ್ಳುವುದು ಒಳಿತು.