ಹಡಗಿನ ಹಾಸಿಗೆಯೋ, ದ್ವೀಪದ ಹಕ್ಕಿಯೋ?

ಪರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವುದು ತುಮಕೂರು, ಗುಬ್ಬಿ, ಕುಣಿಗಲ್ಲುಗಳಂಥ ಊರುಗಳ ತಂದೆತಾಯಿಗಳಿಗೆ ಈಗ ಹೊಸ ಸಂಗತಿಯಲ್ಲ. ಅಮೆರಿಕೆಗೆ ಮೊದಲ ಸಲ ಹೋದಾಗ ನಯಾಗರಾ ಜಲಪಾತದ ದರ್ಶನವಾಗುತ್ತದೆ. ಎರಡನೆಯ ಸಲಕ್ಕೆ ದೊಡ್ಡ ನಗರಗಳು ಮುಗಿಯುತ್ತವೆ. ಮೂರನೆಯ ಸಲ ಮಗ ಹೊಸದೊಂದನ್ನು ಹುಡುಕುತ್ತಾನೆ: “ಅಮ್ಮ, ಈ ಸಾರಿ ಗ್ಯಾಲಪಗೋಸ್ ದ್ವೀಪಗಳಿಗೆ ಹೋಗೋಣ. ಒಂದು ವಾರ ಚಿಕ್ಕ ಹಡಗಿನಲ್ಲೇ ವಾಸ. ಯಾವ ಹಡಗು ಆಗಬಹುದು, ನೀನೂ ಅಪ್ಪನೂ ನೋಡಿ ಹೇಳಿ.”

ಕಳುಹಿಸಿದ ಚಿತ್ರಗಳನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುತ್ತಾರೆ. ಹಾಸಿಗೆ ಎಷ್ಟು ಅಗಲ, ಕಿಟಕಿ ಎಷ್ಟು ದೊಡ್ಡದು, ಸ್ನಾನಕ್ಕೆ ಬಿಸಿನೀರು ಉಂಟೆ ಎಂಬುದು ತಾಯಿಯ ವಿಚಾರಣೆ. ತಲೆಗೆ ಎಷ್ಟು ಖರ್ಚು ಎಂಬುದು ತಂದೆಯ ಪ್ರಶ್ನೆ. ಇವು ಕೇಳಬಾರದ ಪ್ರಶ್ನೆಗಳಲ್ಲ. ಆದರೆ ಇವನ್ನೇ ಮೊದಲು ಕೇಳಿ ಹಡಗನ್ನು ಆರಿಸಿದವರು, ಅನೇಕ ವರ್ಷಗಳ ಉಳಿತಾಯವನ್ನು ಸುರಿದು, ಒಳ್ಳೆಯ ಹಾಸಿಗೆಯಲ್ಲಿ ಮಲಗಿ, ನೋಡಬೇಕಾದುದನ್ನು ನೋಡದೆ ಹಿಂದಿರುಗುವ ಸಂಭವವುಂಟು. ಹಡಗು ಯಾವ ದ್ವೀಪಗಳಿಗೆ, ಯಾವ ತಿಂಗಳಿನಲ್ಲಿ, ಎಷ್ಟು ಜನರನ್ನು ಕರೆದೊಯ್ಯುತ್ತದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಗ್ಯಾಲಪಗೋಸ್ ದಕ್ಷಿಣ ಅಮೆರಿಕದ ಈಕ್ವಡಾರ್ ದೇಶಕ್ಕೆ ಸೇರಿದ ದ್ವೀಪಸಮೂಹ. ಆ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರ್ ದೂರದಲ್ಲಿ, ಶಾಂತಸಾಗರದ ನಡುವೆ, ಭೂಮಧ್ಯರೇಖೆಯ ಆಚೀಚೆ ಚೆದುರಿಕೊಂಡಿದೆ. ಎಲ್ಲವೂ ಕಡಲ ತಳದಿಂದ ಎದ್ದ ಜ್ವಾಲಾಮುಖಿಗಳ ಸೃಷ್ಟಿ. ಬೆಂಕಿ ಇನ್ನೂ ಆರಿಲ್ಲ. ಇಸಬೆಲಾ ದ್ವೀಪದ ವುಲ್ಫ್ ಪರ್ವತವು 2022ರಲ್ಲಿಯೂ, ಫರ್ನಾಂಡಿನಾ ದ್ವೀಪದ ಲಾ ಕುಂಬ್ರೆಯು 2024ರಲ್ಲಿಯೂ ಲಾವಾರಸವನ್ನು ಕಾರಿದವು. ಭೂಖಂಡಕ್ಕೆ ಎಂದೂ ಅಂಟಿಕೊಂಡಿರದ ಈ ನೆಲಕ್ಕೆ ತೇಲಿಬಂದ, ಹಾರಿಬಂದ ಜೀವಿಗಳು ಅಲ್ಲಿಯೇ ವಂಶ ಬೆಳೆಸಿ, ಬೇರೆಲ್ಲಿಯೂ ಕಾಣದ ರೂಪಗಳನ್ನು ತಳೆದಿವೆ. ಕಡಲಿನಲ್ಲಿ ಮುಳುಗಿ ಪಾಚಿ ಮೇಯುವ, ಉಡದಂತೆ ಕಾಣುವ ಇಗುವಾನ ಇಲ್ಲಿಯದು. ನೂರು ವರ್ಷ ಮೀರಿ ಬದುಕಬಲ್ಲ ದೈತ್ಯ ಆಮೆಯೂ ಇಲ್ಲಿಯದು. ಕುಣಿಗಲ್ಲಿನ ಕೆರೆಯ ಕಡೆ ರೆಕ್ಕೆ ಹರಡಿ ಬಿಸಿಲಿಗೆ ನಿಲ್ಲುವ ನೀರುಕಾಗೆಯನ್ನು ಕಂಡವರಿಗೆ ಇಲ್ಲಿ ಅದರ ನೆಂಟನೊಬ್ಬ ಸಿಗುತ್ತಾನೆ. ಅವನೂ ಹಾಗೆಯೇ ರೆಕ್ಕೆ ಹರಡಿ ನಿಲ್ಲುತ್ತಾನೆ. ಆದರೆ ಆ ರೆಕ್ಕೆ ಮೊಟಕಾಗಿ ಹೋಗಿದ್ದು, ಅವನು ಹಾರಲಾರ.

1835ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಚಾರ್ಲ್ಸ್ ಡಾರ್ವಿನ್ ‘ಬೀಗಲ್’ ಎಂಬ ಹಡಗಿನಲ್ಲಿ ಬಂದು ಐದು ವಾರ ಈ ದ್ವೀಪಗಳ ನಡುವೆ ಇದ್ದನು. ಗುಬ್ಬಚ್ಚಿಯಷ್ಟೇ ಗಾತ್ರದ ಸಾಧಾರಣ ಹಕ್ಕಿಗಳು ಅವನ ಸಂಗ್ರಹದಲ್ಲಿದ್ದವು. ಒಂದಕ್ಕೆ ಕಾಳು ಒಡೆಯುವ ದಪ್ಪ ಕೊಕ್ಕು, ಇನ್ನೊಂದಕ್ಕೆ ಹುಳ ಹೆಕ್ಕುವ ಚೂಪು ಕೊಕ್ಕು. ಜೀವವಿಕಾಸದ ವಿಚಾರಕ್ಕೆ ಈ ಹಕ್ಕಿಗಳು ಮುಂದೆ ದೊಡ್ಡ ಸಾಕ್ಷಿಗಳಾದವು. ಪುರಾಣ ಕೇಳಲು ದಿನವೂ ಬರುತ್ತಿದ್ದ ಎರಡು ಗುಬ್ಬಿಗಳು ಪುರಾಣ ಮುಗಿದ ದಿನ ಪ್ರಾಣ ಬಿಟ್ಟುದರಿಂದ ಊರಿಗೆ ಆ ಹೆಸರು ಬಂದಿತೆಂದು ಗುಬ್ಬಿಯಲ್ಲಿ ಐತಿಹ್ಯವಿದೆ. ಸಣ್ಣ ಹಕ್ಕಿಯನ್ನು ಸಣ್ಣದೆಂದು ತಳ್ಳಿಹಾಕಬಾರದೆಂಬುದನ್ನು ಆ ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಈಗ ಹಡಗಿನ ಮಾತು. ಇಲ್ಲಿ ಪ್ರವಾಸಿಗರನ್ನು ಒಯ್ಯುವ ಯಾವ ಹಡಗಿನಲ್ಲಿಯೂ 100ಕ್ಕಿಂತ ಹೆಚ್ಚು ಮಂದಿ ಇರುವಂತಿಲ್ಲ. ಹೆಚ್ಚಿನ ಚಿಕ್ಕ ವಿಹಾರನೌಕೆಗಳಲ್ಲಿ 16 ಮಂದಿಗೆ ಸ್ಥಳ. ಈ ಸಂಖ್ಯೆ ಆಕಸ್ಮಿಕವಲ್ಲ. ಒಬ್ಬ ಮಾರ್ಗದರ್ಶಿಯ ಜೊತೆ 16 ಮಂದಿ ಎಂಬುದು ಅಲ್ಲಿಯ ರಾಷ್ಟ್ರೀಯ ಉದ್ಯಾನದ ಕಟ್ಟಳೆ. ಮಾರ್ಗದರ್ಶಿಯಿಲ್ಲದೆ ಯಾರೂ ಕಾಡುದ್ವೀಪಗಳ ಮೇಲೆ ಅಡ್ಡಾಡುವಂತಿಲ್ಲ. ಚಿಕ್ಕ ನೌಕೆಯವರೆಲ್ಲ ಒಂದೇ ಬಾರಿಗೆ ಇಳಿದು, ಒಂದೇ ಗುಂಪಾಗಿ ನಡೆದು, ಕೇಳಬೇಕಾದುದನ್ನು ಕೇಳಿ ಹಿಂದಿರುಗಬಹುದು. ದೊಡ್ಡ ಹಡಗಿನಲ್ಲಿ ಸರದಿಯಂತೆ ಗುಂಪುಗಳು ಇಳಿಯಬೇಕಾಗುತ್ತದೆ. ಆದರೆ ದೊಡ್ಡ ಹಡಗು ಅಲೆಗೆ ಅಷ್ಟಾಗಿ ಓಲಾಡದು. ಅದರಲ್ಲಿ ವೈದ್ಯರಿರುವುದೂ ಉಂಟು. ರಕ್ತದೊತ್ತಡ, ಹೃದ್ರೋಗಗಳಿರುವ ಹಿರಿಯರಿಗೆ ಅದೇ ಮೇಲೆನಿಸಬಹುದು. ಚಿಕ್ಕದರಲ್ಲಿಯೇ ಆಗಬೇಕೆಂದರೆ ಜೋಡಿ ಒಡಲಿನ ನೌಕೆ ಒಂಟಿ ಒಡಲಿನದಕ್ಕಿಂತ ಕಡಿಮೆ ವಾಲುತ್ತದೆಂಬುದನ್ನೂ, ಕೆಳ ಅಂತಸ್ತಿನ ನಡುಭಾಗದ ಕೋಣೆಗೆ ಕುಲುಕಾಟ ಕಡಿಮೆಯೆಂಬುದನ್ನೂ ನೆನಪಿಡುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದುದು ದಾರಿ. ಒಂದು ನೌಕೆ ಒಂದೇ ತಾಣಕ್ಕೆ 14 ದಿನಗಳೊಳಗೆ ಎರಡು ಸಲ ಹೋಗಕೂಡದೆಂಬ ನಿಯಮ 2012ರಿಂದ ಜಾರಿಯಲ್ಲಿದೆ. ಬಿನಾಯಿತಿ ಕೆಲವೇ ತಾಣಗಳಿಗೆ. ಆದುದರಿಂದ ಒಂದೇ ನೌಕೆ ಈ ವಾರ ಒಂದು ದಾರಿ ಹಿಡಿದರೆ ಮುಂದಿನ ವಾರ ಇನ್ನೊಂದನ್ನು ಹಿಡಿಯುತ್ತದೆ. ಹಾರಲಾರದ ನೀರುಕಾಗೆಯನ್ನು ನೋಡಬೇಕೆಂದರೆ ಪಶ್ಚಿಮದ ಫರ್ನಾಂಡಿನಾ, ಇಸಬೆಲಾಗಳ ದಾರಿ ಬೇಕು. ಪೆಂಗ್ವಿನ್ ಕಾಣುವ ಸಂಭವವೂ ಅಲ್ಲಿಯೇ ಹೆಚ್ಚು. ಆಲ್ಬಟ್ರಾಸ್ ಹಕ್ಕಿಯ ನರ್ತನ ನೋಡುವವರು ಆಗ್ನೇಯದ ಎಸ್ಪಾನೊಲಾಕ್ಕೆ, ಅದೂ ಏಪ್ರಿಲ್‌ನಿಂದ ಡಿಸೆಂಬರಿನೊಳಗೆ, ಹೋಗಬೇಕು. ಕೆಂಪು ಕಾಲಿನ ಬೂಬಿ ಹಕ್ಕಿಗಳ ದೊಡ್ಡ ವಸತಿ ಈಶಾನ್ಯದ ಜೆನೊವೆಸಾದಲ್ಲಿದೆ. ದಾರಿಯ ಪಟ್ಟಿಯನ್ನು ನೋಡದೆ ಹಡಗಿನ ಚಿತ್ರ ನೋಡಿ ದುಡ್ಡು ಕಟ್ಟುವುದೆಂದರೆ ವಧುವನ್ನು ನೋಡದೆ ಛತ್ರವನ್ನು ನೋಡಿ ಮದುವೆ ಗೊತ್ತುಮಾಡಿದಂತೆ.

ದಿನಗಳ ಲೆಕ್ಕದಲ್ಲಿಯೂ ಎಚ್ಚರ ಬೇಕು. ‘5 ದಿನದ ಯಾನ’ ಎಂದು ಅಚ್ಚಾದುದರಲ್ಲಿ ಬಂದಿಳಿಯುವ ದಿನ, ಹೊರಡುವ ದಿನ ಎರಡೂ ಸೇರಿರುತ್ತವೆ; ಪೂರ್ತಿಯಾಗಿ ದಕ್ಕುವುದು ಮೂರೇ ದಿನ. ದೂರದ ದ್ವೀಪಗಳನ್ನು ಕಾಣಬೇಕೆನ್ನುವವರಿಗೆ 8 ದಿನದ ಯಾನವೇ ತಕ್ಕುದು. ಅಷ್ಟು ವೆಚ್ಚ ಸಾಧ್ಯವಿಲ್ಲದವರು ಸಾಂತಾ ಕ್ರೂಸ್ ದ್ವೀಪದ ಪೇಟೆಯಲ್ಲಿ ತಂಗಿ, ಬೆಳಿಗ್ಗೆ ಹೋಗಿ ಸಂಜೆ ಬರುವ ದೋಣಿಗಳಲ್ಲಿ ಹತ್ತಿರದ ದ್ವೀಪಗಳನ್ನು ನೋಡಬಹುದು. ಆಮೆಗಳೂ ಕಡಲಸಿಂಹಗಳೂ ಹಾಗೆಯೂ ಸಿಗುತ್ತವೆ. ಸಿಗದಿರುವುದು ಫರ್ನಾಂಡಿನಾದಂಥ ದೂರದ ತೀರಗಳು.

ಋತುಗಳು ಎರಡು. ಡಿಸೆಂಬರಿನಿಂದ ಮೇ ವರೆಗೆ ಸೆಖೆ, ಆಗಾಗ ಮಳೆ, ಸಾಮಾನ್ಯವಾಗಿ ಶಾಂತವಾದ ಕಡಲು. ಜೂನಿನಿಂದ ನವೆಂಬರಿನವರೆಗೆ ತಂಪು, ತುಂತುರು ಮಂಜು, ತಣ್ಣನೆಯ ನೀರು. ಆಗಸ್ಟ್, ಸೆಪ್ಟೆಂಬರುಗಳಲ್ಲಿ ಅಲೆಯ ಅಬ್ಬರ ಹೆಚ್ಚು. ಪ್ರಾಣಿಗಳು ಎರಡು ಋತುಗಳಲ್ಲಿಯೂ ಉಂಟು. ಕಡಲು ಕಂಡರೆ ಹೆದರುವವರಿಗೆ ಮೊದಲನೆಯ ಋತುವೇ ಒಳಿತು.

ಕಡಲು ತಮಗೆ ಒಗ್ಗುವುದೋ ಇಲ್ಲವೋ ಎಂದು ತಿಳಿಯಲು ಶಾಂತಸಾಗರದವರೆಗೆ ಹೋಗಬೇಕಾಗಿಲ್ಲ. ಕುಣಿಗಲ್ಲಿನ ಮೂಲಕ ಮಂಗಳೂರಿನತ್ತ ಸಾಗುವ ಹೆದ್ದಾರಿ ಹಿಡಿದು ಮಲ್ಪೆಗೆ ಹೋದರೆ ಸಾಕು. ಅಲ್ಲಿಂದ ಮಳೆಗಾಲವಲ್ಲದ ದಿನಗಳಲ್ಲಿ ದೋಣಿಗಳು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುತ್ತವೆ. ಅದೂ ಬೆಂಕಿಯಿಂದ ಹುಟ್ಟಿದ ನೆಲವೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ಆರುತ್ತ ಬಿರಿದು ಷಟ್ಕೋನದ ಕಲ್ಲುಕಂಬಗಳಾಗಿ ನಿಂತಿದೆ. ದೋಣಿಯ ಕುಲುಕಾಟ, ದೋಣಿಯಿಂದ ಇಳಿಯುವಾಗಿನ ಕಾಲಿನ ಹಿಡಿತ, ಸುಡುಬಿಸಿಲಿನ ಬಂಡೆಯ ಮೇಲಿನ ನಡಿಗೆ ಇವೆಲ್ಲದರ ಪರೀಕ್ಷೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಗ್ಯಾಲಪಗೋಸಿನಲ್ಲಿ ನೌಕೆ ದೂರದಲ್ಲಿ ಲಂಗರು ಹಾಕಿ, ರಬ್ಬರಿನ ಪುಟ್ಟ ದೋಣಿ ದಡ ಮುಟ್ಟಿಸುತ್ತದೆ. ಕೆಲವೆಡೆ ಮೊಣಕಾಲು ನೀರಿನಲ್ಲಿ ಇಳಿಯಬೇಕು. ಬಾರ್ತಲೊಮೆ ದ್ವೀಪದ ನೆತ್ತಿಗೆ ಮರದ ಮೆಟ್ಟಿಲುಗಳಿವೆ. ಸಿದ್ಧಗಂಗೆಯ ಬೆಟ್ಟವನ್ನು ನಿಧಾನವಾಗಿಯಾದರೂ ಹತ್ತಿ ಇಳಿಯುವವರು ಅದಕ್ಕೆ ಅಂಜಬೇಕಾಗಿಲ್ಲ.

ಕಾಗದಪತ್ರಗಳಲ್ಲಿ ಒಂದನ್ನು ಅನೇಕರು ಮರೆಯುತ್ತಾರೆ. ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿ ಈಕ್ವಡಾರ್ ಸೇರಿದೆ. ಅಲ್ಲಿಂದ ಹೊರಟು 6 ದಿನಗಳೊಳಗೆ ಭಾರತಕ್ಕೆ ಬಂದವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಮನೆಗೆ ಬರುವ ಬದಲು ಪ್ರತ್ಯೇಕವಾಸಕ್ಕೆ ಹೋಗಬೇಕಾದೀತು. ಪತ್ರ ಜಾರಿಗೆ ಬರುವುದು ಲಸಿಕೆ ಹಾಕಿಸಿದ 10 ದಿನಗಳ ನಂತರ. 60 ದಾಟಿದವರು ವೈದ್ಯರನ್ನು ಕೇಳದೆ ಆ ಲಸಿಕೆ ಹಾಕಿಸಿಕೊಳ್ಳಬಾರದು. ವೈದ್ಯರು ಬೇಡವೆಂದರೆ ಪ್ರವಾಸವನ್ನೇ ಮರುಯೋಚಿಸಬೇಕು. ಇದಲ್ಲದೆ 2024ರ ಆಗಸ್ಟ್ 1ರಿಂದ ಉದ್ಯಾನದ ಪ್ರವೇಶಧನ 100 ಡಾಲರಿನಿಂದ 200 ಡಾಲರಿಗೆ ಏರಿದೆ. 12 ವರ್ಷದೊಳಗಿನ ಮಕ್ಕಳಿಗೆ 100. ನೌಕೆಯ ದರದಲ್ಲಿ ಇದು ಸೇರಿದೆಯೇ ಎಂದು ಮೊದಲೇ ಕೇಳಬೇಕು. ನಡುಗಡಲಿನಲ್ಲಿ ಅಂಗಡಿಯಿರುವುದಿಲ್ಲವಾದುದರಿಂದ ಸಸ್ಯಾಹಾರದ ಮಾತನ್ನೂ ಮುಂಚಿತವಾಗಿ, ಬರೆಹದಲ್ಲಿಯೇ, ತಿಳಿಸಿರಬೇಕು.

ಪೆಟ್ಟಿಗೆ ಕಟ್ಟುವಾಗ ತಾಯಂದಿರಿಗೆ ಒಂದು ಕಷ್ಟ ಕಾದಿದೆ. ತಾಜಾ ಹಣ್ಣು, ಕರಿಬೇವಿನ ಕಡ್ಡಿ, ಬಿತ್ತಿದರೆ ಮೊಳೆಯುವ ಯಾವ ಬೀಜವೂ ದ್ವೀಪಗಳಿಗೆ ಬರಕೂಡದು. ವಿಮಾನ ಹತ್ತುವ ಮೊದಲೇ ಪೆಟ್ಟಿಗೆಗಳ ತಪಾಸಣೆ ನಡೆಯುತ್ತದೆ. ಇದು ಅಧಿಕಾರಿಗಳ ಕಿರುಕುಳವಲ್ಲ. ಹೊರಗಿನಿಂದ ಬಂದ ಒಂದು ಬಗೆಯ ನೊಣದ ಮರಿಹುಳಗಳು ಡಾರ್ವಿನ್ನನ ಆ ಪುಟ್ಟ ಹಕ್ಕಿಗಳ ಗೂಡಿನಲ್ಲಿದ್ದು ಮರಿಗಳ ರಕ್ತ ಹೀರುತ್ತವೆಂಬುದು 1997ರಲ್ಲಿ ಬೆಳಕಿಗೆ ಬಂದಿತು. ಕಾಂಡ್ಲಕಾಡಿನಲ್ಲಿರುವ ಅವುಗಳ ಒಂದು ಜಾತಿ ಈಗ ನೂರರ ಆಸುಪಾಸಿಗೆ ಇಳಿದಿದೆ. ತುಮಕೂರಿನ ಸುತ್ತಣ ಹೊಲಗಳಲ್ಲಿ ಕಾಂಗ್ರೆಸ್ ಗಿಡವನ್ನು ಕಿತ್ತು ಕಿತ್ತು ಕೈ ತುರಿಸಿಕೊಂಡವರಿಗೆ ಈ ಕಥೆ ಸುಲಭವಾಗಿ ಅರ್ಥವಾದೀತು. ಹೊರಗಿನ ಬೀಜ ಬರುವುದಕ್ಕೆ ಒಂದು ಗಳಿಗೆ ಸಾಕು. ತೊಲಗಿಸುವುದಕ್ಕೆ ಒಂದು ತಲೆಮಾರೂ ಸಾಲದು.

ಆದುದರಿಂದ ನೌಕೆಯವರನ್ನು ಕೇಳಬೇಕಾದ ಕೊನೆಯ ಪ್ರಶ್ನೆಯೊಂದಿದೆ: ಪ್ರಾಣಿಗಳಿಂದ 2 ಮೀಟರ್ ದೂರವಿರಬೇಕು, ಗುರುತು ಮಾಡಿದ ಜಾಡು ಬಿಡಬಾರದು ಎಂಬ ನಿಯಮಗಳನ್ನು ನಿಮ್ಮ ಮಾರ್ಗದರ್ಶಿ ಎಷ್ಟು ಕಟ್ಟುನಿಟ್ಟಾಗಿ ನಡೆಸುತ್ತಾನೆ? “ಅದೆಲ್ಲ ಹೊಂದಿಸಿಕೊಳ್ಳೋಣ” ಎಂಬ ಉತ್ತರ ಬಂದರೆ, ಹಾಸಿಗೆ ಹಂಸತೂಲಿಕಾತಲ್ಪವಾಗಿದ್ದರೂ ಆ ನೌಕೆಯನ್ನು ಬಿಟ್ಟುಬಿಡಬೇಕು. ಅಲ್ಲಿಯ ಪ್ರಾಣಿಗಳು ಮನುಷ್ಯನನ್ನು ಕಂಡು ಓಡುವುದಿಲ್ಲ. ಆ ನಂಬಿಕೆಯನ್ನು ನೋಡಲೆಂದೇ ಜನ ಅಷ್ಟು ದೂರ ಹೋಗುತ್ತಾರೆ. ಅದನ್ನು ಕೆಡಿಸಿ ಬರುವುದಕ್ಕಲ್ಲ.

ಹಣ, ವಯಸ್ಸು, ವೈದ್ಯರ ಮಾತು ಇವುಗಳಲ್ಲಿ ಒಂದು ಅಡ್ಡ ಬಂದರೂ ವ್ಯಸನಪಡಬೇಕಾಗಿಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಅವುಗಳನ್ನು ಕಾಪಾಡಿಕೊಂಡು ಬಂದವರು ಆ ಊರಿನ ಜನ. ನೋಡಲು ಹೋದವರು ಮೆಲ್ಲನೆ ಮಾತಾಡಿ, ದೂರದಲ್ಲಿ ನಿಂತು ಬಂದರೆ ಸಾಕು. ಅಲ್ಲಿಗೆ ಹಡಗೂ ಬೇಡ, ಡಾಲರೂ ಬೇಡ.