ರೋಗನಿರೋಧಕ ಶಕ್ತಿಗೂ ಕಡಿವಾಣ ಬೇಕು

ರೋಗನಿರೋಧಕ ಶಕ್ತಿ ಹೆಚ್ಚಲು ಒಳ್ಳೆಯ ಟಾನಿಕ್ ಬರೆದುಕೊಡಿ ಎಂಬ ಬೇಡಿಕೆ ನಮ್ಮಂಥ ಸಾಮಾನ್ಯ ವೈದ್ಯರಿಗೆ ಹೊಸದಲ್ಲ. 2020ರಲ್ಲಿ ಕೋವಿಡ್ ಬಂದ ಮೇಲಂತೂ ಇದು ಮನೆಮಾತಾಗಿದೆ. ಆದರೆ ಈ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಸರಿಯಲ್ಲ. ಅದನ್ನು ಹತೋಟಿಯಲ್ಲಿಡುವ ವ್ಯವಸ್ಥೆಯೂ ದೇಹಕ್ಕೆ ಅಷ್ಟೇ ಅಗತ್ಯ. ಆ ಹತೋಟಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕರುಳಿನ ಉರಿಯೂತದ ಕಾಯಿಲೆಗಳೇ ಸಾಕ್ಷಿ.

ಇವುಗಳಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿಯಾದರೂ ಕಾಣಿಸಿಕೊಂಡು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. ಎರಡೂ ಹೆಚ್ಚಾಗಿ ಹದಿಹರೆಯ ಮತ್ತು ಯೌವನದಲ್ಲೇ ಶುರುವಾಗುತ್ತವೆ.

ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಅವನ್ನು ಸಹಿಸಿಕೊಳ್ಳುವುದನ್ನೂ ನಮ್ಮ ರಕ್ಷಣಾಕಣಗಳು ಕಲಿತಿರಬೇಕು. ಈ ಕಣಗಳು ಸೈಟೋಕೈನ್ ಎಂಬ ಪ್ರೋಟೀನುಗಳ ಮೂಲಕ ಪರಸ್ಪರ ಸಂದೇಶ ಕಳಿಸುತ್ತವೆ. ಟಿಎನ್ಎಫ್, ಇಂಟರ್‌ಲ್ಯೂಕಿನ್-23 ಮುಂತಾದವು ಉರಿಯೂತವನ್ನು ಹೆಚ್ಚಿಸಿದರೆ, ಇಂಟರ್‌ಲ್ಯೂಕಿನ್-10 ಅದನ್ನು ತಣಿಸುತ್ತದೆ. ಈ ಇಂಟರ್‌ಲ್ಯೂಕಿನ್-10 ತಯಾರಿಸಲಾಗದ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆಂದು 1993ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದರ ಸಂದೇಶವನ್ನು ಗ್ರಹಿಸಲಾಗದ ಜೀನ್ ದೋಷವಿದ್ದ ಮಕ್ಕಳಿಗೆ ಹಸುಳೆಯಾಗಿದ್ದಾಗಲೇ ತೀವ್ರ ಕಾಯಿಲೆ ಬಂದದ್ದು 2009ರಲ್ಲಿ ವರದಿಯಾಯಿತು. ಇಂಥ ದೋಷ ಅಪರೂಪ. ಉಳಿದವರಲ್ಲಿ ಆನುವಂಶಿಕತೆ, ಪರಿಸರ, ಕರುಳಿನ ಸೂಕ್ಷ್ಮಜೀವಿಗಳು ಎಲ್ಲವೂ ಸೇರಿ ಹತೋಟಿ ತಪ್ಪಿಸುತ್ತವೆ.

ಹಾಗಾದರೆ ಇಂಟರ್‌ಲ್ಯೂಕಿನ್-10 ಅನ್ನೇ ಚುಚ್ಚುಮದ್ದಾಗಿ ಕೊಡಬಾರದೇಕೆ? ಕ್ರೋನ್ಸ್ ರೋಗಿಗಳಲ್ಲಿ ಈ ಪ್ರಯತ್ನವೂ ನಡೆಯಿತು. ನಿರೀಕ್ಷಿಸಿದ ಫಲ ಸಿಗಲಿಲ್ಲ. ದೇಹದ ಸಮತೋಲನವನ್ನು ಹೊರಗಿನಿಂದ ಸರಿಪಡಿಸುವುದು ಸುಲಭವಲ್ಲ. ಬದಲಾಗಿ ಟಿಎನ್ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಫಲ ಕೊಟ್ಟಿತು. ಅಮೆರಿಕದಲ್ಲಿ 1998ರಲ್ಲಿ ಕ್ರೋನ್ಸ್ ಕಾಯಿಲೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದೇ ಗುಂಪಿನ ಅಡಾಲಿಮುಮ್ಯಾಬನ್ನು 2014ರಿಂದ ಭಾರತದ ಕಂಪನಿಗಳೂ ತಯಾರಿಸುತ್ತಿವೆ. ಆದರೂ ಮಧ್ಯಮವರ್ಗದ ಸಂಸಾರಕ್ಕೆ ಈ ಖರ್ಚು ಹಗುರವಲ್ಲ. ಎಲ್ಲರಿಗೂ ಇದು ಬೇಕಾಗುವುದೂ ಇಲ್ಲ. ಅಲ್ಸರೇಟಿವ್ ಕೊಲೈಟಿಸ್ ಇರುವ ಅನೇಕರಿಗೆ ಮೆಸಲಮೈನ್ ಮಾತ್ರೆಯೇ ಸಾಕಾಗುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕ್ಷಯದ ರೋಗಾಣುವನ್ನು ಕಟ್ಟಿಹಾಕಲು ದೇಹಕ್ಕೆ ಇದೇ ಟಿಎನ್ಎಫ್ ಬೇಕು. ಅದನ್ನು ತಡೆದರೆ ಒಳಗೆ ಸುಪ್ತವಾಗಿದ್ದ ಕ್ಷಯ ಎದ್ದು ಕೂರಬಹುದು. ಆದ್ದರಿಂದ ಚಿಕಿತ್ಸೆಗೆ ಮೊದಲು ಎದೆಯ ಎಕ್ಸ್-ರೇ ಮತ್ತು ಕ್ಷಯದ ಪರೀಕ್ಷೆ ಕಡ್ಡಾಯ. ಕರುಳಿನ ಕ್ಷಯವೂ ನೋಡಲು ಕ್ರೋನ್ಸ್‌ನಂತೆಯೇ ಇರುತ್ತದೆ. ಕೊಲೊನೋಸ್ಕೋಪಿ, ಬಯಾಪ್ಸಿ ಬೇಕೆಂದು ತಜ್ಞರು ಹೇಳುವುದು ಸುಮ್ಮನೆ ಅಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಕಾಯಿಲೆಗಿಂತ ಅದರ ಬಗೆಗಿನ ಉದಾಸೀನವೇ ಹೆಚ್ಚು ಹಾನಿ ಮಾಡುತ್ತದೆ. ಮಲದಲ್ಲಿ ರಕ್ತ ಕಂಡರೆ ಉಷ್ಣವೆಂದು ಎಳನೀರು ಕುಡಿಸುತ್ತಾರೆ, ಮೂಲವ್ಯಾಧಿಯೆಂದು ಮುಲಾಮು ಹಚ್ಚುತ್ತಾರೆ, ಆಮಶಂಕೆಯೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ಹೀಗೇ ತಿಂಗಳುಗಳು ಕಳೆಯುತ್ತವೆ. ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ತೂಕ ಇಳಿಕೆ, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ.

ಚಿಕಿತ್ಸೆ ಆರಂಭವಾದ ಮೇಲೆ ಗುಣವಾಯಿತೆಂದು ನೀವೇ ಔಷಧ ನಿಲ್ಲಿಸಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನಂತೂ ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಬೇಡಿ. ಒಮ್ಮೆಲೇ ಬಿಡಲೂ ಬೇಡಿ. ಲಸಿಕೆಗೆ ಮುಂಚೆ, ಗರ್ಭ ಧರಿಸುವ ಯೋಚನೆಯಿದ್ದರೆ ಅದಕ್ಕೂ ಮುಂಚೆ, ವೈದ್ಯರೊಡನೆ ಮಾತಾಡಿ.

ಯೌವನದಲ್ಲಿರುವವರು ನಾಚಿಕೆಯಿಂದ, ಮದುವೆಗೆ ತೊಡಕಾದೀತೆಂಬ ಭಯದಿಂದ ಇದನ್ನು ಮುಚ್ಚಿಡುವುದುಂಟು. ಕಾಯಿಲೆ ಹತೋಟಿಯಲ್ಲಿದ್ದರೆ ಓದು, ಉದ್ಯೋಗ, ಮದುವೆ, ಮಕ್ಕಳು ಎಲ್ಲವೂ ಸಾಧ್ಯ. ಮನೆಯಲ್ಲಿ ಯಾರಾದರೂ ಪದೇ ಪದೇ ಶೌಚಾಲಯಕ್ಕೆ ಹೋಗುತ್ತಿದ್ದರೆ ತಮಾಷೆ ಮಾಡದೆ ವಿಚಾರಿಸಿ. ಟಾನಿಕ್ ಬಾಟಲಿಗೆ ಹಾಕುವ ಹಣ ಪರೀಕ್ಷೆಗೆ ಆದೀತು.