ಕಡಲ ಮರ, ಗಣಿಯ ಅಂಬರ್

ಬಿರುಗಾಳಿ ತಗ್ಗಿದ ಮೇಲೆ ಲಿಥುವೇನಿಯಾದ ಕಡಲತಡಿಯಲ್ಲಿ ಜನ ಬಲೆ ಹಿಡಿದು ನೀರಿಗಿಳಿಯುತ್ತಾರೆ. ಪಾಚಿಯಲ್ಲಿ, ನೆನೆದ ಕಡ್ಡಿಗಳ ನಡುವೆ ಅವರು ಹುಡುಕುವುದು ಅಂಬರನ್ನು. ಸುಮಾರು ನಾಲ್ಕು ಕೋಟಿ ವರ್ಷ ಹಿಂದಿನ ಮರಗಳಿಂದ ಒಸರಿ ಗಟ್ಟಿಯಾದ ಈ ಅಂಟು ಕಲ್ಲಿನಂತೆ ಕಂಡರೂ ಬಲು ಹಗುರ. ಹಾಗಾಗಿ ಅಲೆಗಳು ಅದನ್ನು ಮರದ ಚೂರುಗಳ ಜೊತೆಗೇ ದಡಕ್ಕೆ ತರುತ್ತವೆ. ತೇಲಿಬಂದ ಮರಕ್ಕೆ ಅಂಬರ್ ಕೂರಿಸಿ ಶಿಲ್ಪ ಮಾಡುವವರು ಹೊಸ ಜೋಡಿಯನ್ನೇನೂ ಕಟ್ಟುತ್ತಿಲ್ಲ.

ಇಂಥ ಶಿಲ್ಪದ ಚೆಲುವಿನ ಬಗ್ಗೆ ತಕರಾರಿಲ್ಲ. ಇಂಗ್ಲೆಂಡಿನ ಶಿಲ್ಪಿ ಹೆದರ್ ಜಾನ್ಷ್ ತೇಲಿಬಂದ ಮರದಿಂದ ಆಳೆತ್ತರದ ಕುದುರೆಗಳನ್ನು ನಿಲ್ಲಿಸಿದರು. ಬಾಗಿದ ಕೊಂಬೆ ಕತ್ತಾಯಿತು, ಸವೆದ ಗಂಟು ಮೊಣಕಾಲಾಯಿತು. ತಕರಾರಿರುವುದು ಶಿಲ್ಪದ ಪಕ್ಕದ ಚೀಟಿಯ ಬಗ್ಗೆ. ‘ಮರ ಕಡಿಯದೆ ಮಾಡಿದ್ದು, ಪ್ರಕೃತಿ ತಾನಾಗಿ ಕೊಟ್ಟದ್ದು’ ಎಂಬ ಮಾತು ಮರದ ಮಟ್ಟಿಗೆ ನಿಜ. ಅಂಬರಿಗೂ ನಿಜವೇ?

ಬಹುಪಾಲು ಅಲ್ಲ.

ಮಾರುಕಟ್ಟೆಯ ಅಂಬರಿನಲ್ಲಿ ದೊಡ್ಡ ಪಾಲು ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತದ ಯಂತಾರ್ನಿಯ ತೆರೆದ ಗಣಿಯದು. ಅದಾದರೂ ಲೆಕ್ಕಕ್ಕೆ ಸಿಗುವ ಗಣಿ. ಉಕ್ರೇನಿನ ರಿವ್ನೆ, ಜಿತೋಮಿರ್ ಕಡೆಯ ಕಾಡುಗಳಲ್ಲಿ ಕದ್ದು ಅಗೆಯುವವರು ಪಂಪು ಹಚ್ಚಿ, ರಭಸದ ನೀರನ್ನು ನೆಲದೊಳಕ್ಕೆ ನುಗ್ಗಿಸಿ ಅಂಬರನ್ನು ಮೇಲೆಬ್ಬಿಸುತ್ತಾರೆ. ಹಿಂದೆ ಉಳಿಯುವುದು ಕೆಸರಿನ ಹೊಂಡ, ಬುಡ ಸಡಿಲಿ ಉರುಳಿದ ಮರ. ಒಂದೂ ಮರ ಕಡಿಯಲಿಲ್ಲವೆಂದು ಬೀಗುವ ಶಿಲ್ಪದ ಕಣ್ಣಿನಲ್ಲಿ ಆ ಕಾಡಿನ ಹರಳು ಹೊಳೆಯುತ್ತಿರಬಹುದು! ಮ್ಯಾನ್ಮಾರಿನ ಕಚಿನ್ ಪ್ರಾಂತದ್ದು ಇನ್ನೂ ಕಹಿ ಕಥೆ. ಅಲ್ಲಿನ ಅಂತರ್ಯುದ್ಧಕ್ಕೂ ಅಂಬರ್ ವ್ಯಾಪಾರಕ್ಕೂ ನಂಟಿದೆಯೆಂದು ಪಳೆಯುಳಿಕೆ ತಜ್ಞರ ಸಂಘವೊಂದು 2020ರಲ್ಲಿ ಸಂಶೋಧನಾ ಪತ್ರಿಕೆಗಳಿಗೇ ಎಚ್ಚರಿಕೆಯ ಪತ್ರ ಬರೆಯಿತು. ವಿಜ್ಞಾನಿಗಳು ಕೇಳಿಕೊಂಡ ಪ್ರಶ್ನೆಯನ್ನು ಕಲಾವಿದರು ಕೇಳಿಕೊಳ್ಳಬಾರದೇಕೆ?

ಸಣ್ಣ ಕುಶಲಕರ್ಮಿ ಇದನ್ನೆಲ್ಲ ಎಲ್ಲಿ ಪತ್ತೆಮಾಡುತ್ತಾನೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕಾದ ಸೂಜಿಯಿಂದಲೋ ಉಪ್ಪುನೀರಿನಿಂದಲೋ ಪ್ಲಾಸ್ಟಿಕ್ ನಕಲಿಯನ್ನು ಹಿಡಿಯಬಹುದು. ಅಪ್ಪಟ ಅಂಬರ್ ದಡದ್ದೋ ಗಣಿಯದ್ದೋ ಎಂದು ಸೂಜಿ ಹೇಳುವುದಿಲ್ಲ. ಉಳಿಯುವುದು ಮಾರಿದವನ ಬಿಲ್ಲು ಮಾತ್ರ.

ಆ ಬಿಲ್ಲಿನ ವಿವರವೇ ಚೀಟಿಗೆ ಬರಲಿ. ಮರ ಯಾವ ದಡದ್ದೆಂದು ಅಕ್ಕರೆಯಿಂದ ಬರೆಯುವವರು ಅಂಬರ್ ಯಾವ ಊರಿನದು, ಯಾರಿಂದ ಕೊಂಡದ್ದು ಎಂದು ಇನ್ನೊಂದು ಸಾಲು ಸೇರಿಸಲಿ. ಗೊತ್ತಿಲ್ಲದಿದ್ದರೆ ‘ಮೂಲ ತಿಳಿಯದು’ ಎಂದೇ ಬರೆಯಲಿ. ಬೆಲೆ ತುಸು ಇಳಿದೀತು. ಗ್ಯಾಲರಿಗಳು ಈ ಸಾಲಿಲ್ಲದ ಕೃತಿಗೆ ‘ಪರಿಸರಸ್ನೇಹಿ’ ಹಣೆಪಟ್ಟಿ ಹಚ್ಚುವುದನ್ನಂತೂ ನಿಲ್ಲಿಸಬೇಕು.